ಫ್ಲ್ಯಾಶ್ ಹಾಕಿದರೂ ಕೋಣೆ ಕತ್ತಲೇಕೆ?

ಒಳಾಂಗಣದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲಿ ಪದೇ ಪದೇ ಕಾಣುವ ದೋಷ ಇದು: ಮುಂದೆ ನಿಂತವರ ಮುಖ ಸುಣ್ಣ ಬಳಿದಷ್ಟು ಬೆಳ್ಳಗೆ, ಹಿಂದಿನ ಕೋಣೆ ಕಗ್ಗತ್ತಲು. ಕ್ಯಾಮೆರಾವನ್ನು ದೂರುವ ಮೊದಲು ದೂರದ ಲೆಕ್ಕ ನೋಡಿ. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 1 ಮೀಟರ್ ದೂರದ ಮುಖಕ್ಕೆ ಬೀಳುವ ಬೆಳಕಿನ 16ರಲ್ಲಿ ಒಂದು ಪಾಲಷ್ಟೇ 4 ಮೀಟರ್ ಆಚೆಯ ಗೋಡೆ ಮುಟ್ಟುತ್ತದೆ. ಅಂದರೆ 4 ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಫ್ಲ್ಯಾಶಿನ ಶಕ್ತಿ ಏರಿಸಿದರೆ ಮುಖವೂ ಗೋಡೆಯೂ ಒಂದೇ ಪ್ರಮಾಣದಲ್ಲಿ ಬೆಳಗುತ್ತವೆ, ಅಂತರ ಹಾಗೇ ಉಳಿಯುತ್ತದೆ.

ಗೋಡೆಯನ್ನು ತೋರಿಸಬೇಕಾದದ್ದು ಕೋಣೆಯ ದೀಪ. ಫ್ಲ್ಯಾಶ್ ಹೊಳೆಯುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಶಟರ್ 1/200ರಲ್ಲಿರಲಿ, 1/30ರಲ್ಲಿರಲಿ, ಆ ಬೆಳಕೆಲ್ಲ ಒಳಗೆ ಬಂದೇ ಬರುತ್ತದೆ. ಕೋಣೆಯ ಬೆಳಕು ಹಾಗಲ್ಲ, ಶಟರ್ ತೆರೆದಿರುವಷ್ಟು ಹೊತ್ತೂ ಸೇರುತ್ತಲೇ ಇರುತ್ತದೆ. 1/200ರಿಂದ 1/30ಕ್ಕೆ ಇಳಿದರೆ ಹಿನ್ನೆಲೆಗೆ ಆರು ಪಟ್ಟಿಗೂ ಹೆಚ್ಚು ಬೆಳಕು ಸಿಗುತ್ತದೆ, ಫ್ಲ್ಯಾಶಿನ ಪಾಲು ಬದಲಾಗುವುದಿಲ್ಲ.

ಹಾಗಾಗಿ ಮೊದಲು ಫ್ಲ್ಯಾಶ್ ಆರಿಸಿ. ಮ್ಯಾನ್ಯುಯಲ್ ಮೋಡಿನಲ್ಲಿ ಎಫ್/4 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ 1/60, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800 ಇಟ್ಟು ಒಂದು ಫೋಟೊ ತೆಗೆಯಿರಿ. ಕೋಣೆ ಸ್ವಲ್ಪ ಮಬ್ಬಾಗಿ, ಆದರೆ ಗುರುತು ಸಿಗುವಂತೆ ಬರಬೇಕು. ಇಲ್ಲದಿದ್ದರೆ ಶಟರ್ ಅಥವಾ ಐಎಸ್‌ಒ ಬದಲಿಸಿ. ಆಮೇಲೆ ಟಿಟಿಎಲ್‌ನಲ್ಲಿ (ಲೆನ್ಸಿನ ಮೂಲಕ ಬೆಳಕು ಅಳೆಯುವ ಸ್ವಯಂಚಾಲಿತ ಮೋಡ್) ಫ್ಲ್ಯಾಶ್ ಹಾಕಿದರೆ ಮುಖಕ್ಕೆ ಬೇಕಾದ ಬೆಳಕನ್ನು ಅದೇ ಅಳೆದುಕೊಳ್ಳುತ್ತದೆ. ಮುಖ ಇನ್ನೂ ಹೊಳೆಯುತ್ತಿದ್ದರೆ ಫ್ಲ್ಯಾಶಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಫ್ಲ್ಯಾಶ್ ಕಾಂಪೆನ್ಸೇಶನ್ ಅನ್ನು -2/3 ಸ್ಟಾಪ್‌ಗೆ ಇಳಿಸಿ. ಶಟರ್ 1/30ಕ್ಕಿಂತ ನಿಧಾನವಾದರೆ ಅಲುಗಾಡುವವರ ಅಂಚಿಗೆ ನೆರಳಿನಂಥ ಎರಡನೇ ಗೆರೆ ಮೂಡುತ್ತದೆ, ಅದಕ್ಕಿಂತ ಐಎಸ್‌ಒ ಏರಿಸುವುದೇ ಮೇಲು.

ಇಡೀ ಫೋಟೊ ಕಪ್ಪಾಗಿದೆಯೇ? ಫ್ಲ್ಯಾಶಿನ ಶಕ್ತಿ ಎಷ್ಟೆಂದು ಹೇಳುವ ಗೈಡ್ ನಂಬರ್ ನೋಡಿ. ಕ್ಯಾಮೆರಾದೊಳಗೇ ಇರುವ ಫ್ಲ್ಯಾಶಿನ ಗೈಡ್ ನಂಬರ್ ಐಎಸ್‌ಒ 100ರಲ್ಲಿ 12 ಮೀಟರ್ ಎಂದಿದ್ದರೆ, ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಎಫ್/4ರಲ್ಲಿ ಬೆಳಕು ಸಾಲುವುದು 3 ಮೀಟರ್‌ವರೆಗೆ, ಎಫ್/8ರಲ್ಲಿ ಬರೀ ಒಂದೂವರೆ. ಐಎಸ್‌ಒ 400 ಮಾಡಿದರೆ ಈ ದೂರ ಇಮ್ಮಡಿಯಾಗುತ್ತದೆ. ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ವೇದಿಕೆಯತ್ತ ಫ್ಲ್ಯಾಶ್ ಹೊಡೆಯುವುದು ಏಕೆ ವ್ಯರ್ಥ ಎಂಬುದು ಇದರಲ್ಲೇ ಇದೆ. ಬೆಳಗುವುದು ಮುಂದಿನ ಸಾಲಿನ ತಲೆಗಳು ಮಾತ್ರ. ಬೆನ್ನುಬೆನ್ನಿಗೆ ತೆಗೆದಾಗ ಎರಡನೆಯದೋ ಮೂರನೆಯದೋ ಕಪ್ಪಾದರೆ ಫ್ಲ್ಯಾಶ್ ಇನ್ನೂ ಚಾರ್ಜ್ ಆಗಿಲ್ಲ ಎಂದರ್ಥ. ರೆಡಿ ದೀಪ ಹೊತ್ತುವವರೆಗೆ ಕಾಯಿರಿ, ಬ್ಯಾಟರಿ ಹಳೆಯದಾದಷ್ಟೂ ಈ ಕಾಯುವಿಕೆ ಹೆಚ್ಚು.

ಕ್ಯಾಮೆರಾದ ಮೇಲೆ ಕೂರಿಸುವ ಬಿಡಿ ಫ್ಲ್ಯಾಶ್ ಇದ್ದು ಅದರ ತಲೆ ತಿರುಗುವಂತಿದ್ದರೆ ಅರ್ಧ ತೊಂದರೆಗಳು ಅಲ್ಲೇ ಮುಗಿಯುತ್ತವೆ. ಬಿಳಿಯ ತಗ್ಗು ಚಾವಣಿಯತ್ತ ತಿರುಗಿಸಿದರೆ ಚಾವಣಿಯೇ ದೊಡ್ಡ ದೀಪವಾಗಿ ಗೋಡೆಯ ಮೇಲಿನ ಗಡುಸು ನೆರಳು ಕರಗುತ್ತದೆ, ಕೆಂಪುಗಣ್ಣೂ ಹೋಗುತ್ತದೆ. ಕೆಂಪುಗಣ್ಣು ಬರುವುದೇ ಲೆನ್ಸಿಗೆ ತೀರಾ ಹತ್ತಿರವಿರುವ ಫ್ಲ್ಯಾಶಿನ ಬೆಳಕು ಅಕ್ಷಿಪಟದ ರಕ್ತನಾಳಗಳಿಂದ ನೇರ ಮರಳುವುದರಿಂದ. ಆದರೆ ಬೆಳಕು ಎದುರಿಗಿರುವವರ ನೆತ್ತಿಯ ನೇರಕ್ಕೆ ಬೀಳದಂತೆ ನೋಡಿಕೊಳ್ಳಿ, ಕಣ್ಣಿನ ಗುಳಿ ಕಪ್ಪಾಗುತ್ತದೆ. ತುಸು ಹಿಂದಕ್ಕೋ ಪಕ್ಕಕ್ಕೋ ವಾಲಿಸಿ. ಹೀಗೆ ಮಾಡಿದರೆ ಸುಮಾರು 2 ಸ್ಟಾಪ್ ಬೆಳಕು ನಷ್ಟ, ಐಎಸ್‌ಒ ಏರಿಸಬೇಕು. ಬಣ್ಣದ ಚಾವಣಿ ತನ್ನ ಬಣ್ಣವನ್ನೇ ಮುಖಕ್ಕೂ ಬಳಿಯುತ್ತದೆ.

ಫೋಟೊದ ಕೆಳಗಡೆ ಅರ್ಧಚಂದ್ರಾಕಾರದ ನೆರಳಿದ್ದರೆ ಲೆನ್ಸ್ ಹುಡ್ ತೆಗೆಯಿರಿ. ಒಂದು ಬದಿಗೆ ಕಪ್ಪು ಪಟ್ಟಿ ಬಂದರೆ ಶಟರ್ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) ಮೀರಿದೆ. ಬಹುತೇಕ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಮುಖ ಸರಿಯಿದ್ದು ಹಿನ್ನೆಲೆ ಕಿತ್ತಳೆಯಾದರೆ ಕಾರಣ ಬೇರೆ: ಫ್ಲ್ಯಾಶಿನ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಹತ್ತಿರ (ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕಿತ್ತಳೆ). ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಪಾರದರ್ಶಕ ಜೆಲ್ ಹಾಳೆ ಅಂಟಿಸಿ, ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಟಂಗ್‌ಸ್ಟನ್‌ಗೆ (ಹಳದಿ ಬಲ್ಬಿನ ಆಯ್ಕೆ) ಇಟ್ಟರೆ ಎರಡೂ ಹೊಂದುತ್ತವೆ.