ಬರೀ ವೃತ್ತ, ಚೌಕ, ತ್ರಿಕೋನದಲ್ಲಿ ‘ಒಗ್ಗಟ್ಟು’ ತೋರಿಸೋದು ಹೇಗೆ?

ಪ್ರಶ್ನೆ: ಕಲಬುರಗಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಮಹಿಳಾ ಸ್ವಸಹಾಯ ಸಂಘದವರು ಲೋಗೋ ಕೇಳಿದ್ದಾರೆ. ಒಗ್ಗಟ್ಟು ಕಾಣಬೇಕು, ಬೆಳವಣಿಗೆ ಕಾಣಬೇಕು, ಆದರೆ ಕೈ ಕೈ ಹಿಡಿದ ಚಿತ್ರ, ಸೂರ್ಯ, ದೀಪ ಯಾವುದೂ ಬೇಡ ಅಂತಾರೆ. ಬರೀ ಆಕಾರಗಳಲ್ಲಿ ಇದನ್ನು ಹೇಳಬಹುದಾ? ಯಾವ ಆಕಾರಕ್ಕೆ ಯಾವ ಅರ್ಥ?

ಉತ್ತರ: ಹೇಳಬಹುದು. ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ವೃತ್ತ ಅಂದರೆ ಒಗ್ಗಟ್ಟು, ಚೌಕ ಅಂದರೆ ಭದ್ರತೆ, ತ್ರಿಕೋನ ಅಂದರೆ ಶಕ್ತಿ ಅನ್ನುವ ಪಟ್ಟಿಗಳು ಮೊಬೈಲ್‌ನಲ್ಲಿ ಬೇಕಾದಷ್ಟು ಓಡಾಡುತ್ತವೆ. ಅವನ್ನೇ ನಂಬಿದರೆ ಎಲ್ಲ ಸಂಘಗಳ ಲೋಗೋವೂ ಒಂದೇ ಥರ ಆಗುತ್ತದೆ.

ಪಟ್ಟಿಯಲ್ಲಿ ಸತ್ಯವೇ ಇಲ್ಲ ಅಂತಲ್ಲ. ಮಿದುಳು, ಮನಸ್ಸಿನ ಸಂಶೋಧಕರಾದ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮೊನೆ ಮೊನೆಯಾದ ಒಂದು ಆಕಾರ, ಗುಂಡಗಿನ ಇನ್ನೊಂದು. ಇವುಗಳಲ್ಲಿ ‘ಕಿಕಿ’ ಯಾವುದು, ‘ಬೂಬಾ’ ಯಾವುದು ಅಂತ ಕೇಳಿದರೆ, ಹೆಚ್ಚುಕಡಿಮೆ ಎಲ್ಲರೂ ಮೊನೆಯದನ್ನೇ ಕಿಕಿ ಅಂದರು. ಮೊನೆ ಚುರುಕು, ಗುಂಡು ಮೆತ್ತಗೆ. ಇಷ್ಟು ನಮಗೆ ಯಾರೂ ಹೇಳಿಕೊಡದೆ ಬರುತ್ತದೆ.

ಅದರಾಚೆಗಿನದು ಬರೀ ಬಳಕೆ. ತ್ರಿಕೋನವನ್ನೇ ನೋಡಿ. ಸರ್ಕಾರಿ ಆಸ್ಪತ್ರೆ ಗೋಡೆಯ ತಲೆಕೆಳಗಾದ ಕೆಂಪು ತ್ರಿಕೋನ ಅಂದರೆ ಕುಟುಂಬ ಯೋಜನೆ. ರಸ್ತೆ ಬದಿಯಲ್ಲಿ ಕೆಂಪು ಅಂಚಿನ ತಲೆಕೆಳಗಾದ ತ್ರಿಕೋನ ಇದ್ದರೆ ‘ದಾರಿ ಬಿಡಿ’. ಪ್ಯಾಕೆಟ್ ಮೇಲೆ ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಈ ಕೊನೆಯದರಲ್ಲಿ ಒಂದು ಒಳ್ಳೆಯ ಪಾಠವೂ ಇದೆ. ಮೊದಲು ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಗುಂಡು ಚುಕ್ಕೆಯೇ ಇತ್ತು, ಬಣ್ಣ ಮಾತ್ರ ಬೇರೆ. ಹಸಿರು, ಕಂದು ಬೇರ್ಪಡಿಸಲಾಗದ ಕಣ್ಣಿನವರಿಗೆ ಎರಡೂ ಒಂದೇ. 2020ರ ಲೇಬಲ್ ನಿಯಮಗಳಲ್ಲಿ ಆಕಾರವನ್ನೇ ಬದಲಿಸಿದರು. ಹಾಗಾಗಿ ನೀವೂ ಮೊದಲು ಕಪ್ಪು-ಬಿಳುಪಿನಲ್ಲಿ ಕೆಲಸ ಮಾಡಿ. ಕೋರೆಲ್‌ಡ್ರಾ ಸಾಫ್ಟ್‌ವೇರಿನ ಬಣ್ಣದ ಪಟ್ಟಿ ಕಡೆಗೆ ಆಮೇಲೆ ಹೋದರಾಯಿತು.

ಈಗ ನಿಜವಾದ ವಿಷಯ. 1944ರಲ್ಲಿ ಫ್ರಿಟ್ಜ್ ಹೈಡರ್, ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಸಣ್ಣ ವೃತ್ತ, ಬಾಗಿಲಿರುವ ಒಂದು ಚೌಕಟ್ಟು. ಅಷ್ಟೇ. ಮುಖ ಇಲ್ಲ, ಮಾತಿಲ್ಲ. ಆದರೂ ನೋಡಿದವರು ‘ದೊಡ್ಡವನು ದಬ್ಬಾಳಿಕೆ ಮಾಡ್ತಾನೆ, ಸಣ್ಣವರಿಬ್ಬರು ಸೇರಿ ತಪ್ಪಿಸಿಕೊಳ್ಳುತ್ತಾರೆ’ ಅನ್ನುವ ಥರ ಕಥೆ ಹೇಳಿದರು. ತ್ರಿಕೋನಕ್ಕೆ ಸಿಟ್ಟು ಎಲ್ಲಿಂದ ಬಂತು? ಅದರ ಗಾತ್ರದಿಂದ, ಅದು ಇನ್ನೊಂದರ ಹತ್ತಿರ ಹೋಗುವ ರೀತಿಯಿಂದ. ಅರ್ಥ ಇರುವುದು ಆಕಾರದಲ್ಲಲ್ಲ, ಒಂದು ಆಕಾರಕ್ಕೂ ಇನ್ನೊಂದಕ್ಕೂ ನಡುವೆ.

ಇದನ್ನು ಕೈಯಿಂದಲೇ ಮಾಡಿ ನೋಡಬಹುದು. ಡಿಸೈನ್ ಶಾಲೆಗಳಲ್ಲಿ ಕೊಡುವ ಹಳೆಯ ಅಭ್ಯಾಸ ಇದು. ಕಪ್ಪು ಕಾಗದದಲ್ಲಿ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ಒಂದು ಕಲ್ಲೇ ನಿಮ್ಮ ಚೌಕಟ್ಟು. ನಾಲ್ಕನ್ನೂ ಸಮ ಅಂತರದಲ್ಲಿ ಸಾಲಾಗಿಡಿ: ಶಿಸ್ತು. ಮೂರನ್ನು ಒಂದು ಮೂಲೆಗೆ ಒತ್ತಿ, ಒಂದನ್ನು ದೂರ ಇಡಿ: ಒಂಟಿತನ, ಇಲ್ಲವೇ ಜಗಳ. ಒಂದನ್ನು ಓರೆ ಮಾಡಿ, ಅದರ ಮೊನೆ ಪಕ್ಕದ್ದಕ್ಕೆ ಇನ್ನೇನು ತಾಗುತ್ತದೆ ಅನ್ನುವಲ್ಲಿ ನಿಲ್ಲಿಸಿ: ಆತಂಕ. ಪೂರ್ತಿ ತಾಗಿಸಿಬಿಟ್ಟರೆ ಆತಂಕ ಇಳಿಯುತ್ತದೆ! ಆ ಕೂದಲೆಳೆಯಷ್ಟು ಜಾಗದಲ್ಲೇ ಭಾವನೆ ಇರೋದು.

ಖಾಲಿ ಜಾಗವನ್ನು ನಮ್ಮ ಅಂಗಡಿಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಿರಾಕಿಯೂ ‘ಇಲ್ಲಿ ಸುಮ್ನೆ ಬಿಟ್ಟಿದ್ದೀರಲ್ಲ, ಏನಾದರೂ ಹಾಕಿ’ ಅಂತಾನೆ. ಬೀದರಿನ ಬಿದ್ರಿ ಹೂದಾನಿಯನ್ನು ಹತ್ತಿರದಿಂದ ನೋಡಿ. ಬೆಳ್ಳಿ ಅಷ್ಟು ಹೊಳೆಯುವುದು ಸುತ್ತ ಕಪ್ಪು ಬಿಟ್ಟಿರುವುದರಿಂದ. ಸ್ಟೇಟ್ ಬ್ಯಾಂಕಿನ ಗುರುತೂ ಹಾಗೆಯೇ. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಮಾಡಿದ್ದು. ನೀಲಿ ವೃತ್ತದಲ್ಲಿ ಒಂದು ಸಣ್ಣ ತೂತು, ಕೆಳಗೆ ಒಂದು ಸೀಳು. 2017ರಲ್ಲಿ ವಿಲೀನವಾದ ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಪಾಸ್‌ಬುಕ್ ಮೇಲೂ ಇದೇ ಇತ್ತು, ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ಬೀಗದ ಕಿಂಡಿ ನೆನಪಾಗುವುದು ಬಿಡಿಸಿದ್ದರಿಂದಲ್ಲ, ಕತ್ತರಿಸಿ ತೆಗೆದದ್ದರಿಂದ.

ಇನ್ನು ನಿಮ್ಮ ಸಂಘ. ಒಗ್ಗಟ್ಟು ಅಂದ ಕೂಡಲೇ ಕೈ ಹೋಗುವುದು ಸುತ್ತಲೂ ಚುಕ್ಕೆ ಜೋಡಿಸುವ ಕಡೆಗೆ. ಬೇಡ. ಇಟಲಿಯ ಮನಶ್ಶಾಸ್ತ್ರಜ್ಞ ಗೇಟಾನೋ ಕಾನಿಝಾ 1955ರಲ್ಲಿ ವಿವರಿಸಿದ ಒಂದು ಚಿತ್ರ ನಿಮಗೆ ಹೊಂದುತ್ತದೆ. ಮೂರು ಕಪ್ಪು ವೃತ್ತ, ಪ್ರತಿಯೊಂದರಲ್ಲೂ ಒಂದು ತುಂಡು ಕತ್ತರಿಸಿ ತೆಗೆದಿದೆ. ಸರಿಯಾಗಿ ಎದುರುಬದುರು ಇಟ್ಟರೆ ನಡುವೆ ಯಾರೂ ಬಿಡಿಸದ ಬಿಳಿ ತ್ರಿಕೋನ ಕಾಣುತ್ತದೆ. ಒಂದು ವೃತ್ತವನ್ನು ಬೆರಳಿನಿಂದ ಮುಚ್ಚಿ, ತ್ರಿಕೋನವೇ ಮಾಯ. ಸಂಘದವರಿಗೆ ಇದನ್ನು ಮುಚ್ಚಿ ತೆಗೆದು ತೋರಿಸಿ, ವಿವರಣೆಯೇ ಬೇಕಾಗುವುದಿಲ್ಲ.

ಬೆಳವಣಿಗೆಗೆ ಒಂದು ಎಚ್ಚರಿಕೆ. ಎಡದಲ್ಲಿ ಸಣ್ಣದು, ಬಲಕ್ಕೆ ಹೋಗುತ್ತಾ ದೊಡ್ಡದು ಅಂತ ಮಾಡಬೇಡಿ. ಕಲಬುರಗಿಯ ಬೋರ್ಡುಗಳಲ್ಲಿ ಕನ್ನಡದ ಪಕ್ಕದಲ್ಲಿ ಉರ್ದುವೂ ಇರುತ್ತದೆ, ಅಲ್ವಾ? ಬಲದಿಂದ ಓದಿ ರೂಢಿಯಿರುವ ಕಣ್ಣಿಗೆ ಅದು ಕುಗ್ಗುತ್ತಾ ಹೋದಂತೆ ಕಾಣಬಹುದು. ಕೆಳಗಿನಿಂದ ಮೇಲಕ್ಕೆ ದೊಡ್ಡದಾಗಲಿ. ಕಾನಿಝಾ ಚಿತ್ರದಲ್ಲಿ ತ್ರಿಕೋನದ ಮೊನೆ ಮೇಲಕ್ಕಿದ್ದರೆ ಆ ಕೆಲಸ ಅರ್ಧ ಆದಂತೆಯೇ. ಮೊನೆ ಕೆಳಗೆ ಮಾಡಿ ಕೆಂಪು ಬಣ್ಣ ತುಂಬಿದಿರೋ, ಕುಟುಂಬ ಯೋಜನೆ ನೆನಪಾಗುತ್ತದೆ.

ತೋರಿಸುವಾಗ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ‘ಇದರಲ್ಲಿ ಏನು ನಡೀತಾ ಇದೆ’ ಅಂತ ಕೇಳಿ. ಆಮೇಲೆ ರಬ್ಬರ್ ಸ್ಟಾಂಪಿನ ಅಳತೆಗೆ ಇಳಿಸಿ ಒಮ್ಮೆ ಒತ್ತಿ ನೋಡಿ. ಕತ್ತರಿಸಿದ ಜಾಗ ತೀರಾ ಸಣ್ಣದಾದರೆ ಅಲ್ಲಿ ಇಂಕು ತುಂಬಿಕೊಂಡು ಬರೀ ಮೂರು ಮಸಿ ಗುಂಡು ಉಳಿಯುತ್ತವೆ. ಹಾಗಾದರೆ ತುಂಡನ್ನು ಇನ್ನೂ ಅಗಲವಾಗಿ ಕತ್ತರಿಸಿ.