ಥಾಮಸ್ ಲಿಂಕನ್ ಕೆಂಟಕಿ ಬಿಟ್ಟದ್ದು ಯಾಕೆ?

1860ರಲ್ಲಿ ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ಪತ್ರಕರ್ತರೊಬ್ಬರು ಕೇಳಿದ್ದಕ್ಕೆ ತಮ್ಮ ಬದುಕಿನ ವಿವರವನ್ನು ಒಂದಷ್ಟು ಹಾಳೆಗಳಲ್ಲಿ ಬರೆದುಕೊಟ್ಟರು. ಅಪ್ಪ ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಹೋದದ್ದರ ಕಾರಣ ಅದರಲ್ಲಿ ಒಂದೇ ಸಾಲಿನಲ್ಲಿದೆ. ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಕೆಂಟಕಿಯ ಜಮೀನು ಹಕ್ಕಿನ ತೊಡಕು ಅಂತ.

ಓದುವವರು ಸಾಮಾನ್ಯವಾಗಿ ಗುಲಾಮಗಿರಿ ಅನ್ನುವ ಪದದ ಹತ್ತಿರವೇ ನಿಂತುಬಿಡುತ್ತಾರೆ. ಮಗ ಮುಂದೆ ಮಾಡಿದ ಕೆಲಸ ಅಂಥದ್ದು, ಸಹಜವೇ. ನನ್ನನ್ನು ಕಾಡುವುದು ಆ ಸಾಲಿನ ಇನ್ನೊಂದು ಅರ್ಧ. ಯಾಕೆಂದರೆ ಅಪ್ಪ ಥಾಮಸ್ ಲಿಂಕನ್ ಅವರನ್ನು ಸೋಮಾರಿ, ಒಂದು ಕಡೆ ನೆಲೆ ನಿಲ್ಲದವರು ಅಂತ ಬರೆದವರು ಬಹಳ ಜನ. ಕ್ರಯಪತ್ರ, ಕೋರ್ಟಿನ ಕಾಗದ, ಭೂ ಕಚೇರಿಯ ಲೆಕ್ಕ ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಬೇರೆಯೇ ಮನುಷ್ಯ ಕಾಣುತ್ತಾರೆ. ಬೆವರಿನ ದುಡ್ಡು ಕೊಟ್ಟು ಜಮೀನು ಕೊಂಡು, ಕಾಗದ ಸರಿಯಿಲ್ಲದ್ದಕ್ಕೆ ಅದನ್ನು ಕಳೆದುಕೊಂಡ ರೈತ ಅವರು.

ಥಾಮಸ್ ಹುಟ್ಟಿದ್ದು 1778ರಲ್ಲಿ, ವರ್ಜೀನಿಯಾದಲ್ಲಿ. ಅವರ ಅಪ್ಪನ ಹೆಸರೂ ಅಬ್ರಹಾಂ. ಅಲ್ಲಿದ್ದ ಜಮೀನು ಮಾರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಟ್ಟ ದಾಟಿ ಕೆಂಟಕಿಗೆ ಬಂದಿದ್ದರು. 5,000 ಎಕರೆಗೂ ಜಾಸ್ತಿ ಭೂಮಿ ಹಿಡಿದಿದ್ದರು. 1786ರ ಮೇ ತಿಂಗಳು. ಹೊಲದಲ್ಲಿ ಮೆಕ್ಕೆಜೋಳ ಬಿತ್ತುವ ಕೆಲಸ ನಡೆದಿತ್ತು, ಮೂವರು ಗಂಡುಮಕ್ಕಳೂ ಜೊತೆಗಿದ್ದರು. ಕಾಡಿನ ಅಂಚಿನಿಂದ ಗುಂಡು ಹಾರಿತು, ಅಪ್ಪ ಅಲ್ಲೇ ಬಿದ್ದರು. ತಮ್ಮ ನೆಲದೊಳಗೆ ನುಗ್ಗುತ್ತಿದ್ದವರ ಮೇಲೆ ಮೂಲನಿವಾಸಿಗಳು ನಡೆಸಿದ ದಾಳಿ ಅದು. ನಡುವಿನವನು ಜೊಸಾಯ ಸಹಾಯ ಕರೆಯಲು ಹತ್ತಿರದ ಕೋಟೆಯ ಕಡೆ ಓಡಿದ. ದೊಡ್ಡವನು ಮೊರ್ಡೆಕಾಯ್ ಮನೆಗೆ ನುಗ್ಗಿ ಬಂದೂಕು ಎತ್ತಿಕೊಂಡ. ಎಂಟು ವರ್ಷದ ಥಾಮಸ್ ಅಪ್ಪನ ಹೆಣದ ಪಕ್ಕದಲ್ಲೇ ಉಳಿದುಬಿಟ್ಟಿದ್ದ. ಅವನ ಹತ್ತಿರ ಬಂದವನನ್ನು ಮೊರ್ಡೆಕಾಯ್ ಹೊಡೆದು ಉರುಳಿಸಿದ.

ಹುಡುಗನ ಜೀವ ಉಳಿಯಿತು, ಆಸ್ತಿ ಉಳಿಯಲಿಲ್ಲ. ಆಗ ಕೆಂಟಕಿ ಇನ್ನೂ ವರ್ಜೀನಿಯಾದ ಭಾಗ. ಉಯಿಲು ಬರೆಯದೆ ಸತ್ತರೆ ಭೂಮಿಯೆಲ್ಲ ಹಿರಿಯ ಮಗನಿಗೆ ಅನ್ನುವುದು ಅಲ್ಲಿನ ಕಾನೂನು. ಇದನ್ನು ತೆಗೆದು ಮಕ್ಕಳಿಗೆಲ್ಲ ಸಮಪಾಲು ಕೊಡುವ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಅಪ್ಪ ಸತ್ತು ಎಂಟು ತಿಂಗಳೂ ಆಗಿರಲಿಲ್ಲ. ಥಾಮಸ್ ಕೂಲಿ ಮಾಡುತ್ತಾ ಬೆಳೆದರು, ಬಡಗಿ ಕೆಲಸ ಕಲಿತರು.

ದುಡಿದು ಕೂಡಿಟ್ಟ ದುಡ್ಡಲ್ಲಿ 1803ರಲ್ಲಿ ಮೊದಲ ಜಮೀನು ಕೊಂಡರು. ಮಿಲ್ ಕ್ರೀಕ್ ಹತ್ತಿರ 238 ಎಕರೆ, ಬೆಲೆ 118 ಪೌಂಡ್.

ಇಲ್ಲಿಂದ ಮುಂದಿನದು ಅರ್ಥವಾಗಬೇಕಾದರೆ ಕೆಂಟಕಿಯಲ್ಲಿ ಜಮೀನು ಅಳೆಯುತ್ತಿದ್ದ ರೀತಿ ಗೊತ್ತಿರಬೇಕು. ಅಲ್ಲಿ ಸರ್ಕಾರ ಮೊದಲು ಅಳೆದು ಆಮೇಲೆ ಮಾರಲಿಲ್ಲ. ಇಷ್ಟು ಎಕರೆ ಅಂತ ಒಂದು ಚೀಟಿ ಕೊಡುತ್ತಿತ್ತು. ಚೀಟಿ ಹಿಡಿದವನು ಕಾಡಿಗೆ ಹೋಗಿ ತನಗೆ ಬೇಕಾದ ಜಾಗ ಆರಿಸಿಕೊಂಡು ಅಳತೆ ಮಾಡಿಸಬೇಕು. ಚಕ್ಕುಬಂದಿ ಹೇಗಿರುತ್ತಿತ್ತು ಅಂದರೆ, ಹಳ್ಳದ ತಿರುವಿನಲ್ಲಿರುವ ಬಿಳಿ ಓಕ್ ಮರದಿಂದ ಶುರು, ಅಲ್ಲಿಂದ ಇಂತಿಷ್ಟು ದೂರ ಒಂದು ಬಂಡೆಯವರೆಗೆ, ಬಂಡೆಯಿಂದ ಇನ್ನೊಂದು ಮರದವರೆಗೆ, ಹೀಗೆ. ಮರ ಬೀಳುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ. ಬಿಳಿ ಓಕ್ ಅಂದರೆ ಯಾವ ಓಕ್? ಮೊದಲು ಬಂದವನು ಎಲ್ಲಿ ಅಳೆದಿದ್ದ ಅಂತ ಆಮೇಲೆ ಬಂದವನಿಗೆ ಗೊತ್ತಾಗುತ್ತಿರಲಿಲ್ಲ. ಒಂದೇ ನೆಲದ ಮೇಲೆ ಇಬ್ಬರು ಮೂವರ ಹಕ್ಕು ಕೂತಿರುತ್ತಿತ್ತು, ಛಾವಣಿಯ ಹೆಂಚು ಒಂದರ ಮೇಲೊಂದು ಕೂತ ಹಾಗೆ. ಲಾಯರ್ ಇಟ್ಟುಕೊಳ್ಳುವ ಶಕ್ತಿ ಇದ್ದವನಿಗೆ ಜಮೀನು, ಇಲ್ಲದವನಿಗೆ ಉಳುಮೆ ಮಾಡಿದ ಕಷ್ಟ ಮಾತ್ರ.

ಮಿಲ್ ಕ್ರೀಕ್ ಜಮೀನಿನ ಅಳತೆ ತಪ್ಪು ಅಂತ ಗೊತ್ತಾಯಿತು. 238 ಎಕರೆಗೆ ದುಡ್ಡು ಕೊಟ್ಟಿದ್ದರೂ ಸಿಕ್ಕಿದ್ದು 200 ಎಕರೆಯ ಹಕ್ಕು. 1814ರಲ್ಲಿ ಅದನ್ನು 100 ಪೌಂಡಿಗೆ ಮಾರಬೇಕಾಯಿತು.

ಎರಡನೆಯದು ಸಿಂಕಿಂಗ್ ಸ್ಪ್ರಿಂಗ್. ಬಂಡೆಯ ಸಂದಿನಲ್ಲಿ ಸಿಹಿನೀರು ಹರಿಯುತ್ತಿದ್ದ ಜಾಗ. 1808ರ ಡಿಸೆಂಬರಿನಲ್ಲಿ ಕೊಂಡರು, 200 ಡಾಲರ್ ನಗದು. 1809ರ ಫೆಬ್ರವರಿ 12ಕ್ಕೆ ಮಗ ಅಬ್ರಹಾಂ ಅಲ್ಲೇ ಹುಟ್ಟಿದ. ಆದರೆ ಆ ಜಮೀನಿನ ಮೇಲೆ ಹಿಂದಿನ ಮಾಲೀಕರ ಹಳೇ ಬಾಕಿ ಇತ್ತು. ವ್ಯಾಜ್ಯ ಕೋರ್ಟಿಗೆ ಹೋಯಿತು. ಜಮೀನೂ ಇಲ್ಲ, ಕೊಟ್ಟ ದುಡ್ಡೂ ಇಲ್ಲ ಅನ್ನುವ ಸ್ಥಿತಿ ಆಯಿತು.

ಮೂರನೆಯದು ನಾಬ್ ಕ್ರೀಕ್. 1811ರಲ್ಲಿ ಅಲ್ಲಿಗೆ ಹೋಗಿ ಸುಮಾರು 30 ಎಕರೆಯಲ್ಲಿ ಬೇಸಾಯ ಹೂಡಿದರು. ಕಣಿವೆಯ ಒಳ್ಳೆಯ ಮಣ್ಣು. 1815ರಲ್ಲಿ ದೂರದ ಫಿಲಡೆಲ್ಫಿಯಾದ ಒಂದು ಶ್ರೀಮಂತ ಕುಟುಂಬದ ವಾರಸುದಾರರು, ಈ ಕಣಿವೆಯೆಲ್ಲ ನಮ್ಮದು ಅಂತ ದಾವೆ ಹೂಡಿದರು. ಖಾಲಿ ಮಾಡಿ ಅಂತ ನೋಟಿಸು ಬಂದ ಹತ್ತು ರೈತರಲ್ಲಿ ಥಾಮಸ್ ಒಬ್ಬರು. ಮೂರು ಸಲ ಹೀಗಾದ ಮೇಲೆ ಊರು ಬಿಟ್ಟವರನ್ನು ಅಲೆಮಾರಿ ಅನ್ನೋದು ನ್ಯಾಯ ಅಲ್ವಲ್ಲ.

ಗುಲಾಮಗಿರಿಯ ಕಾರಣವೂ ಸುಳ್ಳಲ್ಲ. ಅವರು ಸೇರಿದ್ದ ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಥದ ಸಭೆ ಗುಲಾಮಗಿರಿಯನ್ನು ವಿರೋಧಿಸುತ್ತಿತ್ತು. ಕೂಲಿಯಿಂದಲೂ ಬಡಗಿ ಕೆಲಸದಿಂದಲೂ ಬದುಕುವವರಿಗೆ, ಕೂಲಿಯೇ ಇಲ್ಲದೆ ದುಡಿಸಿಕೊಳ್ಳುವ ನಾಡಿನಲ್ಲಿ ಬೆಲೆ ಎಲ್ಲಿಂದ ಬರಬೇಕು? ಓಹಾಯೋ ನದಿಯ ಆಚೆ ಗುಲಾಮಗಿರಿಗೆ ಕಾನೂನಿನ ನಿಷೇಧ ಇತ್ತು. ಅಷ್ಟೇ ಅಲ್ಲ, ಅಲ್ಲಿನ ನೆಲವನ್ನು ಸರ್ಕಾರವೇ ಅಳೆದಿತ್ತು.

1785ರ ಭೂ ಕಾನೂನು ತಂದ ಪದ್ಧತಿ ಅದು. ಮೊದಲು ಅಳತೆ, ಆಮೇಲೆ ಮಾರಾಟ. ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಅಂತ ಹೆಸರು. ಅದರೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. 16ನೇ ಸೆಕ್ಷನ್ ಶಾಲೆಗೆ ಮೀಸಲು. ಅಳತೆಗೆ 66 ಅಡಿಯ ಸರಪಳಿ. ಮುಂದಿನವನು ಸರಪಳಿ ಎಳೆದು ಕಬ್ಬಿಣದ ಕಡ್ಡಿ ಚುಚ್ಚುತ್ತಾನೆ, ಹಿಂದಿನವನು ಕಡ್ಡಿ ಕಿತ್ತು ಎಣಿಸಿಕೊಳ್ಳುತ್ತಾ ಬರುತ್ತಾನೆ. ಅಂಥ 80 ಸರಪಳಿ ಸೇರಿದರೆ ಒಂದು ಮೈಲಿ. ಒಂದು ಸರಪಳಿ ಚದರ ಅಂದರೆ 4,356 ಚದರ ಅಡಿ. ನಮ್ಮ ಲೆಕ್ಕದಲ್ಲಿ ಸರಿಯಾಗಿ ನಾಲ್ಕು ಗುಂಟೆ! 33 ಅಡಿಗೆ 33 ಅಡಿಯ ನಮ್ಮ ಗುಂಟೆ ಆ ಸರಪಳಿಯ ಅರ್ಧಕ್ಕೆ ಅರ್ಧ. ಹತ್ತು ಸರಪಳಿ ಚದರಕ್ಕೆ ಅವರ ಎಕರೆ, ನಲವತ್ತು ಗುಂಟೆಗೆ ನಮ್ಮದು. ಎರಡೂ ಒಂದೇ.

1816ರ ಡಿಸೆಂಬರಿನಲ್ಲಿ ಥಾಮಸ್, ಹೆಂಡತಿ ನ್ಯಾನ್ಸಿ, ಮಗಳು ಸಾರಾ ಮತ್ತು ಏಳು ವರ್ಷದ ಅಬ್ರಹಾಂ ನದಿ ದಾಟಿದರು. ಅದೇ ತಿಂಗಳು 11ಕ್ಕೆ ಇಂಡಿಯಾನಾ ರಾಜ್ಯವಾಯಿತು. ಲಿಟಲ್ ಪಿಜನ್ ಕ್ರೀಕ್ ಹತ್ತಿರದ ದಟ್ಟ ಕಾಡು. ಮರುವರ್ಷ ಅಕ್ಟೋಬರಿನಲ್ಲಿ ಥಾಮಸ್ ವಿನ್ಸೆನ್ಸ್ ಊರಿನ ಭೂ ಕಚೇರಿಗೆ ಹೋಗಿ ಜಾಗ ಬರೆಸಿದರು: 32ನೇ ಸೆಕ್ಷನ್ನಿನ ನೈಋತ್ಯ ಕಾಲುಭಾಗ, 160 ಎಕರೆ. ಓಕ್ ಮರದ ಮಾತೇ ಇಲ್ಲ, ಬಂಡೆಯ ಮಾತೂ ಇಲ್ಲ. ಬೇರೆ ಯಾರೂ ಇದು ನನ್ನದು ಅನ್ನುವ ಹಾಗಿಲ್ಲ.

ಯಾರೂ ಅಂದೆ, ಅದು ಪೂರ್ತಿ ನಿಜವಲ್ಲ. ಆ ನೆಲ ಡೆಲವೇರ್ ಮತ್ತು ಪಿಯಾಂಕಶಾ ಜನರದ್ದಾಗಿತ್ತು. 1804ರ ಒಪ್ಪಂದಗಳಲ್ಲಿ ಸರ್ಕಾರ ಅದನ್ನು ಅವರಿಂದ ಬರೆಸಿಕೊಂಡಿತ್ತು. ಥಾಮಸ್ ಕೈಗೆ ಸಿಕ್ಕ ಭದ್ರ ಕಾಗದದ ಅಡಿಯಲ್ಲಿ ಇನ್ನೊಬ್ಬರು ನೆಲ ಕಳೆದುಕೊಂಡ ಕಾಗದ ಇತ್ತು.

ಬೆಲೆ ಎಕರೆಗೆ 2 ಡಾಲರ್, ಒಟ್ಟು 320. ಮೊದಲು 16 ಡಾಲರ್ ಕಟ್ಟಿದರು, ಡಿಸೆಂಬರಿನಲ್ಲಿ 64. ಕಾಲು ಪಾಲು ಮುಗಿಯಿತು, ಉಳಿದದ್ದು ಕಂತು.

ಮರುವರ್ಷವೇ ಬರಸಿಡಿಲು ಬಡಿಯಿತು. 1818ರ ಶರತ್ಕಾಲದಲ್ಲಿ ಊರಿಗೆ ಹಾಲಿನ ಕಾಯಿಲೆ ಬಂತು. ಕಾಡಿನ ನೆರಳಲ್ಲಿ ಬಿಳಿ ಹೂ ಬಿಡುವ ಒಂದು ಗಿಡವಿದೆ. ಮೇವು ಕಡಿಮೆಯಾದಾಗ ಹಸು ಅದನ್ನು ತಿನ್ನುತ್ತದೆ, ವಿಷ ಹಾಲಿಗೆ ಇಳಿಯುತ್ತದೆ. ಆಗ ಇದು ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಹಾಲು ಕೊಟ್ಟವರು ಅದೇ ಹಾಲಿನಿಂದ ಸಾಯುತ್ತಿದ್ದರು. ನೆರೆಯಲ್ಲೇ ಇದ್ದ ನ್ಯಾನ್ಸಿಯ ಬಂಧುಗಳಿಬ್ಬರು ಮೊದಲು ಹೋದರು. ಅವರಿಗೆ ಆರೈಕೆ ಮಾಡಿದ ನ್ಯಾನ್ಸಿ ಅಕ್ಟೋಬರ್ 5ಕ್ಕೆ ತೀರಿಕೊಂಡರು. ಹೆಂಡತಿಯ ಶವಪೆಟ್ಟಿಗೆಗೆ ಥಾಮಸ್ ತಾವೇ ಹಲಗೆ ಕೊಯ್ದರು. ಹಲಗೆ ಜೋಡಿಸುವ ಮರದ ಬೆಣೆಗಳನ್ನು ಒಂಬತ್ತು ವರ್ಷದ ಮಗ ಚಾಕು ಹಿಡಿದು ಕೆತ್ತಿಕೊಟ್ಟ ಅಂತ ಹೇಳುತ್ತಾರೆ.

ಒಂದು ವರ್ಷ ಕಳೆದ ಮೇಲೆ ಥಾಮಸ್ ಕೆಂಟಕಿಗೆ ಹೋಗಿ, ಮೂರು ಮಕ್ಕಳಿದ್ದ ವಿಧವೆ ಸಾರಾ ಬುಷ್ ಜಾನ್ಸ್‌ಟನ್ ಅವರನ್ನು ಮದುವೆಯಾಗಿ ಕರೆತಂದರು. ತಾಯಿಯಿಲ್ಲದ ಮಕ್ಕಳಿಗೆ ಅವರು ನಿಜವಾಗಿಯೂ ತಾಯಿಯಾದರು.

ಕಂತು ಮಾತ್ರ ತೀರಲಿಲ್ಲ. ಥಾಮಸ್ ಒಬ್ಬರದ್ದೇ ಅಲ್ಲ, ಸಾವಿರಾರು ರೈತರ ಗತಿ ಇದೇ ಆಗಿತ್ತು. ಆ ಕಷ್ಟ ನೋಡಿಯೇ 1820ರಲ್ಲಿ ಸರ್ಕಾರ ಸಾಲದ ಮಾರಾಟ ನಿಲ್ಲಿಸಿ ಬೆಲೆಯನ್ನು ಎಕರೆಗೆ 1.25 ಡಾಲರಿಗೆ ಇಳಿಸಿತು. ಕೊನೆಗೆ 1827ರಲ್ಲಿ ಥಾಮಸ್ ಪೂರ್ವದ ಅರ್ಧವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಪಶ್ಚಿಮದ 80 ಎಕರೆಗೆ ಹಕ್ಕುಪತ್ರ ಪಡೆದರು. ಆಗ ಅವರಿಗೆ 49 ವರ್ಷ. ಯಾರೂ ತಕರಾರು ತೆಗೆಯಲಾಗದ ಜಮೀನು ಕೊನೆಗೂ ಕೈಗೆ ಬಂದಿತ್ತು.

ಮೂರೇ ವರ್ಷಕ್ಕೆ ಅದನ್ನೂ ಮಾರಿದರು. ಹಾಲಿನ ಕಾಯಿಲೆ ಮತ್ತೆ ಬರುವ ಭಯ, ಇಲಿನಾಯ್‌ಗೆ ಹೋಗಿದ್ದ ನೆಂಟರ ಕರೆ. ಸಿಕ್ಕಿದ್ದು 125 ಡಾಲರ್. 1830ರ ಮಾರ್ಚಿನಲ್ಲಿ ಹದಿಮೂರು ಜನ ಎತ್ತಿನ ಗಾಡಿಗಳಲ್ಲಿ ಹೊರಟರು. 21 ತುಂಬಿದ್ದ ಅಬ್ರಹಾಂ ಒಂದು ಗಾಡಿ ಹೊಡೆದರು. ಅದೇ ವರ್ಷ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸುವ ಕಾನೂನು ಪಾಸಾಯಿತು. ಆ ಚಳಿಗಾಲ ಇಲಿನಾಯ್‌ನಲ್ಲಿ ಕಂಡು ಕೇಳದ ಹಿಮ ಬಿತ್ತು. ವಸಂತದಲ್ಲಿ ಮಗ ಅಪ್ಪನ ಮನೆ ಬಿಟ್ಟು ತನ್ನ ದಾರಿ ಹಿಡಿದ. ಅಪ್ಪ ಕೋಲ್ಸ್ ಕೌಂಟಿಗೆ ಹೋಗಿ ಅಲ್ಲೇ ನಿಂತರು.

1833ರಲ್ಲಿ ಅಬ್ರಹಾಂ ಹಿಡಿದ ಕೆಲಸ ನೋಡಿ: ಸರ್ವೇಯರ್. ಅಪ್ಪನ ಜಮೀನು ತಪ್ಪು ಅಳತೆಯಲ್ಲಿ ಹೋದದ್ದನ್ನು ಬಲ್ಲ ಮಗ ತಾನೇ ದಿಕ್ಸೂಚಿ, ಸರಪಳಿ ಹಿಡಿದು ಸಂಗಮನ್ ಕೌಂಟಿಯ ಹೊಲಗಳನ್ನು ಅಳೆದರು. ಆಮೇಲೆ ಲಾಯರ್ ಆದರು. 1841ರಲ್ಲಿ ಅಪ್ಪನ 40 ಎಕರೆಯನ್ನು 200 ಡಾಲರ್ ಕೊಟ್ಟು ಕೊಂಡರು. ಅಪ್ಪ ಅಮ್ಮ ಬದುಕಿರುವವರೆಗೆ ಅದನ್ನು ಅನುಭವಿಸಬೇಕು ಅಂತ ಕಾಗದದಲ್ಲೇ ಬರೆಸಿದರು. ಅಪ್ಪ ಮಗನ ನಡುವೆ ಪ್ರೀತಿ ಅಷ್ಟಕ್ಕಷ್ಟೇ ಇತ್ತು. 1851ರ ಜನವರಿಯಲ್ಲಿ ಅಪ್ಪ ಸಾಯುವಾಗ ಮಗ ಹೋಗಲಿಲ್ಲ. ಹೋದದ್ದು ಹತ್ತು ವರ್ಷ ಬಿಟ್ಟು, ಅಧ್ಯಕ್ಷರಾಗಿ ವಾಷಿಂಗ್ಟನ್‌ಗೆ ಹೊರಡುವ ಮುಂಚೆ. ಮಲತಾಯಿ ಸಾರಾ ಅವರನ್ನು ಕಂಡು, ಅಪ್ಪನ ಸಮಾಧಿ ನೋಡಿ ಬಂದರು.

1862ರ ಮೇ 20ರಂದು ಲಿಂಕನ್, ರೈತರಿಗೆ ಸರ್ಕಾರಿ ನೆಲ ಕೊಡುವ ಹೋಮ್‌ಸ್ಟೆಡ್ ಕಾನೂನಿಗೆ ಸಹಿ ಹಾಕಿದರು. ಮುಂದೆ ಅದರಡಿ ಹಂಚಿಹೋದದ್ದು ಸುಮಾರು 27 ಕೋಟಿ ಎಕರೆ. ಆ ನೆಲದ ಮೇಲೂ ಮೊದಲು ಬೇರೆಯವರು ಬದುಕಿದ್ದರು. ಅದೇ ಡಿಸೆಂಬರಿನಲ್ಲಿ, ನೆಲಕ್ಕಾಗಿ ಸಿಡಿದೆದ್ದ ಡಕೋಟಾ ಜನರಲ್ಲಿ 38 ಮಂದಿಯನ್ನು ಮಿನ್ನೆಸೋಟಾದಲ್ಲಿ ಒಟ್ಟಿಗೆ ಗಲ್ಲಿಗೇರಿಸಿದರು. ಆ ಆದೇಶಕ್ಕೂ ಲಿಂಕನ್ ಅವರದ್ದೇ ಸಹಿ.

ಹೋಮ್‌ಸ್ಟೆಡ್ ಕಾನೂನು ಒಬ್ಬ ರೈತನಿಗೆ ಕೊಟ್ಟದ್ದು 160 ಎಕರೆ, ಒಂದು ಸೆಕ್ಷನ್ನಿನ ಕಾಲುಭಾಗ. ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದರೆ ಹಕ್ಕುಪತ್ರ, ಶುಲ್ಕ ಎಲ್ಲ ಸೇರಿ 18 ಡಾಲರ್. ಇಷ್ಟೇ ಅಳತೆಯ ನೆಲಕ್ಕೆ 320 ಡಾಲರ್ ಹೊಂದಿಸಲು ಹತ್ತು ವರ್ಷ ಹೆಣಗಾಡಿ, ಆಗದೆ, ಥಾಮಸ್ ಅರ್ಧವನ್ನು ವಾಪಸ್ ಕೊಟ್ಟಿದ್ದರು.