ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ

ಕಳೆದ ತಿಂಗಳು ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡಿದು ನಮ್ಮ ಅಂಗಡಿಗೆ ಓಡಿ ಬಂದಿದ್ದ. ಸ್ಟುಡಿಯೋದ ಮ್ಯಾಕ್‌ನಲ್ಲಿ ಅದು ಚೆನ್ನಾಗಿಯೇ ಇತ್ತು. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದಾಗ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬಂತು. ಇವನು ಒತ್ತಿಬಿಟ್ಟ. ಎರಡು ಮದುವೆಗಳ ಫೋಟೋ ಅದರಲ್ಲಿತ್ತು. ಪುಣ್ಯಕ್ಕೆ ಅದು ಕ್ವಿಕ್ ಫಾರ್ಮ್ಯಾಟ್, ಅಂದರೆ ಫೈಲ್‌ಗಳ ಪಟ್ಟಿಯನ್ನಷ್ಟೇ ಅಳಿಸುವಂಥದ್ದು; ಆಮೇಲೆ ಅವನು ಹೊಸದಾಗಿ ಏನನ್ನೂ ತುಂಬಿರಲಿಲ್ಲ. ಹಾಗಾಗಿ ಮುಕ್ಕಾಲು ಪಾಲು ವಾಪಸ್ ತೆಗೆದುಕೊಟ್ಟೆ. ಉಳಿದದ್ದು ಹೋಯಿತು.

ಆ ಸಂದೇಶ ಬಂದರೆ ಡಿಸ್ಕ್ ಕೆಟ್ಟಿದೆ ಅಂತಲೇ ಅರ್ಥವಲ್ಲ. ಯಾವ ಫೈಲ್ ಎಲ್ಲಿದೆ ಎಂದು ಬರೆದಿಡುವ ಲೆಕ್ಕದ ಪುಸ್ತಕ ಪ್ರತಿ ಡಿಸ್ಕ್‌ನಲ್ಲೂ ಇರುತ್ತದೆ. ವಿಂಡೋಸ್ 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಅದನ್ನು ಬರೆಯುತ್ತದೆ. ಈಗಿನ ಮ್ಯಾಕ್‌ಗಳದ್ದು 2017ರ ಎಪಿಎಫ್‌ಎಸ್. ವಿಂಡೋಸ್‌ಗೆ ಎಪಿಎಫ್‌ಎಸ್ ಓದಲು ಬರುವುದಿಲ್ಲ, ಅದಕ್ಕೇ ಹಾಗೆ ಕೇಳುತ್ತದೆ. ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತದೆ, ಆದರೆ ಬೇರೆ ಸಾಫ್ಟ್‌ವೇರ್ ಹಾಕದೆ ಅದಕ್ಕೆ ಬರೆಯುವುದಿಲ್ಲ. ಫೋಟೋ ಕಾಣುತ್ತವೆ, ಹೊಸದನ್ನು ಸೇರಿಸಲು ಮಾತ್ರ ಬಿಡುವುದಿಲ್ಲ ಎಂದು ಬರುವವರೆಲ್ಲರ ಕತೆ ಇದೇ.

ಎರಡೂ ಕಡೆ ಓಡಾಡುವ ಡಿಸ್ಕ್‌ಗೆ ನಾನು ಹೇಳುವುದು ಎರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಪದ್ಧತಿ. ಮ್ಯಾಕ್‌ಗೆ 2010ರಿಂದಲೇ ಅದು ಬರುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೂ ಸೇರಿತು. ಹಳೆಯ ಫ್ಯಾಟ್32 ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಮದುವೆ ವಿಡಿಯೋಗೆ ಅದು ಆಗಲ್ಲ.

ಎಕ್ಸ್‌ಫ್ಯಾಟ್‌ಗೆ ಒಂದು ದೊಡ್ಡ ಕೊರತೆ ಇದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿ ಕೊಡುವುದಿಲ್ಲ. ಎನ್‌ಟಿಎಫ್‌ಎಸ್ ಯಾವ ಬದಲಾವಣೆ ಮಾಡಲು ಹೊರಟಿದ್ದೇನೆ ಎಂದು ಮೊದಲೇ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಆ ಏರ್ಪಾಡಿಲ್ಲ. ಕಾಪಿ ಆಗುತ್ತಿರುವಾಗ ಕೇಬಲ್ ಕಿತ್ತರೆ ಲೆಕ್ಕದ ಪುಸ್ತಕವೇ ಹಾಳಾಗಬಹುದು. ಕಾಪಿ ಮುಗಿಯಿತು ಎಂದು ಕಂಡರೂ ಹಿಂದೆ ಬರೆಯುವ ಕೆಲಸ ನಡೆದಿರಬಹುದು. ದಯವಿಟ್ಟು ಪ್ರತಿ ಸಲವೂ ಇಜೆಕ್ಟ್ ಮಾಡಿ, ತೆಗೆಯಬಹುದು ಎಂದ ಮೇಲೇ ತೆಗೆಯಿರಿ. ಒಂದೇ ಒಂದು ಪ್ರತಿ ಇರುವ ಫೋಟೋಗಳನ್ನು ಇಂಥ ಡಿಸ್ಕ್‌ನಲ್ಲಿ ಇಡಲೇಬೇಡಿ. ಇದು ಓಡಾಟದ ಡಿಸ್ಕ್, ಕಾಪಾಡುವ ಡಿಸ್ಕ್ ಬೇರೆಯೇ ಇರಲಿ.

ಮ್ಯಾಕ್‌ನಿಂದ ಬಂದ ಡಿಸ್ಕ್‌ನಲ್ಲಿ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲ್‌ಗಳು ವಿಂಡೋಸ್‌ನಲ್ಲಿ ಕಾಣಿಸಬಹುದು. ಸಾಮಾನ್ಯವಾಗಿ ಅವು ಮ್ಯಾಕ್ ತನಗಾಗಿ ಬರೆದುಕೊಂಡ ಮಾಹಿತಿ. ವೈರಸ್ ಅಂತ ಹೆದರಬೇಡಿ.

ಈಗಾಗಲೇ ತುಂಬಿರುವ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಲು ಹೊರಟರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಅಲ್ಲಿ ನಾಲ್ಕೈದು ಫೋಟೋ, ಒಂದೆರಡು ವಿಡಿಯೋ ತೆರೆದು ಕೊನೆಯವರೆಗೂ ಓಡಿಸಿ ನೋಡಿ. ಆಮೇಲೆ ಫಾರ್ಮ್ಯಾಟ್ ಮಾಡಿ.